ಆರ್ಥರ್ ಸುಡದೆ ಉಳಿಸಿದ ಕಾಗದಗಳು

ಅಮೆರಿಕದ ಅಧ್ಯಕ್ಷರ ಪಟ್ಟಿಯಲ್ಲಿ ಚೆಸ್ಟರ್ ಆರ್ಥರ್ ಹೆಸರು ಬಂದಾಗ ನಾನೂ ಇಷ್ಟು ದಿನ ಸುಮ್ಮನೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದೆ. ಪಕ್ಷದವರಿಗೆ ನೌಕರಿ ಹಂಚುವ ವ್ಯವಸ್ಥೆಯಲ್ಲೇ ಬೆಳೆದು, 1878ರಲ್ಲಿ ನ್ಯೂಯಾರ್ಕ್ ಕಸ್ಟಮ್ಸ್ ಕಚೇರಿಯ ಮುಖ್ಯಸ್ಥನ ಹುದ್ದೆಯನ್ನೂ ಕಳೆದುಕೊಂಡಿದ್ದ ಈ ಮನುಷ್ಯ, 1881ರಲ್ಲಿ ನೌಕರಿ ಸಿಗದ ಹತಾಶನೊಬ್ಬನ ಗುಂಡಿಗೆ ಅಧ್ಯಕ್ಷ ಗಾರ್ಫೀಲ್ಡ್ ಬಲಿಯಾದಾಗ, ಉಪಾಧ್ಯಕ್ಷರಾಗಿದ್ದ ಕಾರಣ ತಾವೇ ಅಧ್ಯಕ್ಷರಾದರು. ಆಗ ದೇಶಕ್ಕೆ ದೇಶವೇ ತಲೆ ಚಚ್ಚಿಕೊಂಡಿರಬೇಕು! ಆದರೆ ಪರೀಕ್ಷೆ ಬರೆದು, ಅರ್ಹತೆಯ ಮೇಲೆ ಸರ್ಕಾರಿ ಕೆಲಸ ಪಡೆಯುವ ದಾರಿ ತೆರೆದ ಪೆಂಡಲ್‌ಟನ್ ಕಾಯ್ದೆಗೆ 1883ರ ಜನವರಿಯಲ್ಲಿ ಸಹಿ ಹಾಕಿದವರು ಇವರೇ. ಮೊದಲಿಗೆ ಅದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಹುದ್ದೆಗಷ್ಟೇ ಅನ್ವಯಿಸುತ್ತಿತ್ತು, ನಿಜ. ಚೀನೀ ಕೂಲಿಕಾರರ ವಲಸೆಗೆ ಹತ್ತು ವರ್ಷ ತಡೆಯೊಡ್ಡಿದ 1882ರ ಕಾಯ್ದೆಯ ಮೇಲೂ ಇದೇ ಕೈಯ ಸಹಿಯಿದೆ. ಅದನ್ನು ನಾನು ಮರೆಯಲಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯೇ. ಕಾಯಿಲೆಯಿಂದ ಮನೆಯಲ್ಲೇ ಇರುತ್ತಿದ್ದ ಜೂಲಿಯಾ ಸ್ಯಾಂಡ್ ಎಂಬ ಅಪರಿಚಿತ ಹೆಣ್ಣುಮಗಳು, ಹಳೆಯ ದಾರಿ ಬಿಟ್ಟು ದೊಡ್ಡವರಾಗಿ ಎಂದು ಅವರಿಗೆ ನೇರವಾಗಿ ಬರೆಯುತ್ತಿದ್ದಳು. 1882ರಲ್ಲಿ ಅಧ್ಯಕ್ಷರು ಮುನ್ಸೂಚನೆಯಿಲ್ಲದೆ ಆಕೆಯ ಮನೆ ಬಾಗಿಲಿಗೇ ಹೋದರು. 1886ರಲ್ಲಿ ಸಾಯುವ ಮುನ್ನ ತಮ್ಮ ಕಾಗದಪತ್ರಗಳ ರಾಶಿಯನ್ನೇ ಸುಡಿಸಿದ ಆರ್ಥರ್, ಆಕೆಯ 23 ಪತ್ರಗಳನ್ನು ಬೆಂಕಿಗೆ ಹಾಕಿರಲಿಲ್ಲ.