ನೇಗಿಲು ಕಾಣದ ನೆಲದಲ್ಲಿ

2023 ಜುಲೈ 13, ಗುರುವಾರ
ಜೇಮ್ಸ್‌ಟೌನ್, ನಾರ್ತ್ ಡಕೋಟ, ಅಮೆರಿಕ

ಇವತ್ತು ದಿನವಿಡೀ ಹುಲ್ಲು ನೋಡಿದ್ದೇ ಕೆಲಸ. ನೆಲದ ಮೇಲೆ 25 ಮೀಟರ್ ಟೇಪ್ ಎಳೆಯುತ್ತೇವೆ. ಅದರುದ್ದಕ್ಕೂ 10 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಏನು ಬೆಳೆದಿದೆ ಅಂತ ಅರ್ಧರ್ಧ ಮೀಟರಿಗೆ ಬರೆದುಕೊಳ್ಳುತ್ತೇವೆ. ಈ ಮಣ್ಣಿನದೇ ಹುಲ್ಲು ಜಾಸ್ತಿ ಇದೆಯಾ, ಹೊರಗಿನದು ಮುಚ್ಚಿಕೊಂಡಿದೆಯಾ? ಬಗ್ಗಿ ಬಗ್ಗಿ ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡಿತು.

ಹೊರಗಿನವುಗಳಲ್ಲಿ ದೊಡ್ಡ ತೊಂದರೆ ಕೊಡುವುದು ಎರಡು: ಸ್ಮೂತ್ ಬ್ರೋಮ್ ಮತ್ತು ಕೆಂಟಕಿ ಬ್ಲೂಗ್ರಾಸ್. ಬ್ರೋಮ್ ಎಲೆಯನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದರೆ ಎಲೆಯ ನಡುಭಾಗದಲ್ಲಿ ‘ಡಬ್ಲ್ಯು’ ಅಕ್ಷರದ ಒಂದು ಸಣ್ಣ ಗುರುತು ಕಾಣುತ್ತದೆ. ಬ್ಲೂಗ್ರಾಸ್ ಎಲೆ ಸಪೂರ. ಅದರ ತುದಿ ದೋಣಿಯ ಮೂತಿಯ ಹಾಗೆ ಬಾಗಿರುತ್ತದೆ, ಒತ್ತಿದರೆ ಎರಡಾಗಿ ಸೀಳುತ್ತದೆ. ಬ್ರೋಮನ್ನು 1880ರ ದಶಕದಲ್ಲಿ ಮೇವಿಗೆಂದು ತರಿಸಿದ್ದು. ಬ್ಲೂಗ್ರಾಸ್ ಅದಕ್ಕೂ ಮೊದಲೇ ಯುರೋಪಿನ ವಲಸಿಗರ ಜೊತೆ ಬಂದಿತ್ತು.

ಇದು ಒಮ್ಮೆಯೂ ಉಳುಮೆ ಕಾಣದ ನೆಲ. ಸಾವಿರಾರು ವರ್ಷ ಇಲ್ಲಿ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ಮೇಯ್ದಿವೆ. ಸಿಡಿಲಿಗೆ ಬೆಂಕಿ ಬಿದ್ದಿದೆ, ಇಲ್ಲಿನ ಮೂಲ ನಿವಾಸಿಗಳೂ ಬೇಕೆಂದೇ ಬೆಂಕಿ ಹಾಕಿದ್ದಾರೆ. ಇಲ್ಲಿನ ಬ್ಲೂಸ್ಟೆಮ್, ಗ್ರಾಮಾ ಹುಲ್ಲುಗಳು ಇವೆರಡನ್ನೂ ಕಂಡು ಬೆಳೆದವು. 1880ರ ದಶಕ ಮುಗಿಯುವಷ್ಟರಲ್ಲಿ ಬೈಸನ್ ಬೆರಳೆಣಿಕೆಗೆ ಇಳಿದಿದ್ದವು. ರೈತರು ನೆಲೆಯಾದ ಮೇಲೆ ಬೆಂಕಿಯನ್ನೂ ನಿಲ್ಲಿಸಿದರು. ಆಮೇಲೆ ಇಂಥ ಜಾಗಗಳನ್ನು ಸರ್ಕಾರ ವನ್ಯಜೀವಿಗಳಿಗೆಂದು ಕಾಪಾಡಿತು. ಬಾತುಕೋಳಿ ಗೂಡು ಕಟ್ಟಲಿ ಅಂತ ಹುಲ್ಲನ್ನು ಮುಟ್ಟದೆ ಎಷ್ಟೋ ವರ್ಷ ಸುಮ್ನೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಬಿಡುವಿನಲ್ಲೇ ಬ್ರೋಮ್ ಮತ್ತು ಬ್ಲೂಗ್ರಾಸ್ ನೆಲ ಹಿಡಿದವು. ಒಣಹುಲ್ಲು ಪದರಪದರವಾಗಿ ಕೂತು ಕೆಳಗಿನ ಹೂಗಿಡಗಳ ಉಸಿರು ಕಟ್ಟಿಸಿತು.

ಹಾಗಾದರೆ ಏನು ಮಾಡಬೇಕು? ಬೆಂಕಿ ಹಾಕಬೇಕಾ, ದನ ಮೇಯಿಸಬೇಕಾ, ಎರಡೂನಾ? ಯಾವ ತಿಂಗಳಲ್ಲಿ? ಒಂದು ಕಡೆ ಗೆದ್ದ ಉಪಾಯ ಇನ್ನೊಂದು ಕಡೆ ಸೋಲುತ್ತಿತ್ತು. ಒಬ್ಬೊಬ್ಬ ಅಧಿಕಾರಿಯೂ ತನ್ನ ನಾಲ್ಕು ತುಂಡು ಹುಲ್ಲುಗಾವಲಿನಲ್ಲಿ ತನಗೆ ತೋಚಿದ್ದು ಮಾಡುತ್ತಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದಕ್ಕೇ 2008ರಲ್ಲಿ ಇಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ, ಭೂವಿಜ್ಞಾನ ಇಲಾಖೆಯ ವಿಜ್ಞಾನಿಗಳ ಜೊತೆ ಸೇರಿ ಒಂದು ಯೋಜನೆ ಶುರು ಮಾಡಿತು. ಎರಡೂ ಡಕೋಟ, ಮಿನ್ನೆಸೋಟ, ಮೊಂಟಾನ, ಹೀಗೆ ನಾಲ್ಕು ರಾಜ್ಯಗಳ ಹುಲ್ಲುಗಾವಲುಗಳು ಒಂದೇ ಲೆಕ್ಕದೊಳಗೆ ಬಂದವು. ಇದನ್ನು ಅಡಾಪ್ಟಿವ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ, ಅಂದರೆ ಮಾಡುತ್ತಾ ಕಲಿಯುತ್ತಾ ದಾರಿ ತಿದ್ದಿಕೊಳ್ಳುವುದು.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಒಂದು ವಿಷಯ. ಕೆಲಸಕ್ಕೆ ಇಳಿಯುವ ಮೊದಲೇ ಏನಾಗಬಹುದು ಅಂತ ಬರೆದಿಡಬೇಕು. ಅದೂ ಒಂದೇ ಊಹೆ ಅಲ್ಲ. ಬೆಂಕಿಯಾದರೂ ಸರಿ, ಮೇಯಿಸಿದರೂ ಸರಿ, ಏನಾದರೂ ಮಾಡಿದರೆ ಸಾಕು ಅನ್ನುವುದು ಒಂದು. ಬ್ರೋಮ್ ಇದೆಯೋ ಬ್ಲೂಗ್ರಾಸ್ ಇದೆಯೋ ನೋಡಿಕೊಂಡು ಮದ್ದು ಬದಲಿಸಬೇಕು ಅನ್ನುವುದು ಇನ್ನೊಂದು. ಹಿಂದಿನ ವರ್ಷಗಳಲ್ಲಿ ಆ ನೆಲ ಎಷ್ಟು ಆರೈಕೆ ಕಂಡಿದೆ ಅನ್ನುವುದೇ ಮುಖ್ಯ ಅಂತ ಮತ್ತೊಂದು. ಬೇಸಿಗೆಯಲ್ಲಿ ನಾವು ಅಳೆದು ತಂದ ಅಂಕಿಗಳನ್ನು ಎಲ್ಲ ಊಹೆಗಳ ಪಕ್ಕ ಇಡುತ್ತಾರೆ. ಯಾವುದು ಹತ್ತಿರ ಬಂತೋ ಅದರ ತೂಕ ಮುಂದಿನ ವರ್ಷಕ್ಕೆ ಹೆಚ್ಚುತ್ತದೆ, ತಪ್ಪಿದ್ದರದು ಇಳಿಯುತ್ತದೆ. ಅದರ ಮೇಲೆ ಪ್ರತಿ ತುಂಡಿಗೂ ಹೊಸ ಶಿಫಾರಸು: ಬೆಂಕಿ, ಮೇಯಿಸುವುದು, ಎರಡೂ, ಇಲ್ಲವೇ ಬಿಡುವು. ಪೂರ್ತಿ ಗೊತ್ತಾಗುವವರೆಗೂ ಕಾಯುತ್ತಾ ಕೂತರೆ ಅಷ್ಟರಲ್ಲಿ ಹುಲ್ಲೇ ಉಳಿದಿರುವುದಿಲ್ಲ, ಅಲ್ವಾ?

ಬೆಂಕಿಯ ಸಮಯ ಮಾತ್ರ ತುಂಬ ನಾಜೂಕು. ಬ್ರೋಮ್ ವಸಂತದಲ್ಲೇ ಎದ್ದು ಬೆಳೆಯುವ ಹುಲ್ಲು. ಮೇ ಕೊನೆಯ ಹೊತ್ತಿಗೆ ಕಾಂಡ ಉದ್ದವಾಗಿ, ಚಿಗುರು ನೆಲದಿಂದ ಮೇಲೆ ಬಂದಿರುತ್ತದೆ, ಬೇರಿನ ಕೂಡಿಟ್ಟ ಶಕ್ತಿ ಕರಗಿರುತ್ತದೆ. ಆಗ ಸುಟ್ಟರೆ ಅದಕ್ಕೆ ನಿಜವಾದ ಪೆಟ್ಟು. ಬ್ಲೂಸ್ಟೆಮ್‌ನಂಥ ಸೆಕೆ ಕಾಲದ ಹುಲ್ಲು ಆಗ ಇನ್ನೂ ಕಣ್ಣು ಬಿಡುತ್ತಿರುತ್ತದೆ, ಅದಕ್ಕೆ ಅಷ್ಟು ನೋವಾಗುವುದಿಲ್ಲ. ಆದರೆ ಮಳೆ, ಗಾಳಿ, ಬೆಂಕಿ ನೋಡಿಕೊಳ್ಳುವ ಜನ, ಎಲ್ಲ ಕೂಡಿಬರಬೇಕು. ಎಷ್ಟೋ ಸಲ ಬರುವುದೇ ಇಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ರಾಣೆಬೆನ್ನೂರು ನೆನಪಾಯಿತು. ಕೃಷ್ಣಮೃಗಕ್ಕೆ ಬೇಕಾದ ಬಯಲಿನಲ್ಲಿ ನೀಲಗಿರಿ ನೆಟ್ಟ ಊರು ಅದು. ನಮ್ಮ ಹುಲ್ಲಿನ ಕಾವಲುಗಳನ್ನೂ ಪಾಳು ಜಾಗ ಅಂತಲೇ ನೋಡುತ್ತೇವೆ. ಅಲ್ಲಿ ಯಾವ ಹುಲ್ಲು ಎಷ್ಟಿದೆ ಅಂತ ವರ್ಷ ವರ್ಷ ಕೂತು ಅಳೆದರೆ ಎಷ್ಟು ಚೆನ್ನಾಗಿರುತ್ತದೆ ಅನ್ನಿಸಿತು.

ಈ ಯೋಜನೆಯ ಲೆಕ್ಕದ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. ಅಷ್ಟರೊಳಗೆ ನಮ್ಮ ಅಳತೆ ಮುಗಿದು ಅಂಕಿಗಳು ಹೋಗಬೇಕು. ಬಂದ ಶಿಫಾರಸನ್ನು ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ದನ ಸಿಗದಿದ್ದರೆ ಮೇಯಿಸುವುದು ಹೇಗೆ? ಆದರೆ ಆ ವರ್ಷ ನಿಜಕ್ಕೂ ಏನು ಮಾಡಿದೆವು, ಯಾವಾಗ ಮಾಡಿದೆವು ಅನ್ನುವುದನ್ನು ದಾಖಲಿಸಲೇಬೇಕು. ಇವತ್ತಿನ ತುಂಡಿನಲ್ಲಿ ಬ್ರೋಮ್ ಇನ್ನೂ ಜಾಸ್ತಿಯೇ ಇದೆ. ನಾಳೆ ಪಶ್ಚಿಮದ ದಿಬ್ಬ. ಅಲ್ಲಿ ಬ್ಲೂಗ್ರಾಸ್ ಹೆಚ್ಚು ಅಂತ ಜೊತೆಯವರು ಹೇಳಿದರು.