ಸೀಮೆಸುಣ್ಣದ ಗೆರೆಗಳು

ಹ್ಯಾಂಡಲ್ ಕಾಲು ಸುತ್ತು ಬಂತು, ಅಲ್ಲಿಗೇ ನಿಂತಿತು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಇನ್ನೊಮ್ಮೆ ಎಳೆದರು. ಅವರ ಕಿವಿ ಕೆಂಪಾದವೇ ಹೊರತು ಇಂಜಿನ್ ಕದಲಲಿಲ್ಲ.

"ಅಣ್ಣ, ಇದು ಸೀಜ್ ಆಗಿದೆ. ಗುಜರಿಯವನನ್ನು ಕರೆಸಿಬಿಡೋಣ."

ಕೊಟ್ಟಿಗೆಯ ಬಾಗಿಲಲ್ಲಿ ಮಂಚ ಹಾಕಿಸಿಕೊಂಡು ಕುಳಿತಿದ್ದ ಅಪ್ಪ, "ನಿನಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರನ್ನೂ ಒಟ್ಟಿಗೇ ತೂಕಕ್ಕೆ ಹಾಕುತ್ತೇನೆ, ಇರು" ಎಂದರು.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಚಿಂತಾಮಣಿಯಿಂದ ಕೈವಾರದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಎತ್ತು ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಕಿಚ್ಚು ಹಾಯಿಸಲು ಇರುವುದು ಎರಡು ಸೀಮೆಹಸು ಮಾತ್ರ. ಈ ಸಲ ಅವುಗಳ ಹಿಂದೆ ತಾತನ ಟ್ರ್ಯಾಕ್ಟರನ್ನೂ ಮೆರವಣಿಗೆಯಲ್ಲಿ ಕರೆದೊಯ್ಯಬೇಕೆಂದು ಅಪ್ಪನಿಗೆ ಆಸೆ. "ಪೆಟ್ರೋಲ್ ಗಾಡಿಯನ್ನೂ ಬೆಂಕಿ ಹಾರಿಸುತ್ತೀರೇನು?" ಎಂದು ಅಮ್ಮ ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿರಲಿಲ್ಲ.

ಗಾಡಿ ಬೂದು ಬಣ್ಣದ ಫರ್ಗ್ಯುಸನ್ ಟಿಇ-20. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅವುಗಳಲ್ಲೊಂದನ್ನು ತಾತ ಯಾರೋ ತೋಟದವರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದಿದ್ದರು. ಅದರ ಹಳದಿಯಾದ ಕಾಗದಗಳಲ್ಲಿ ಈಗಲೂ ನಮ್ಮದು ಕೋಲಾರ ಜಿಲ್ಲೆಯೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದದ್ದು ಟ್ರ್ಯಾಕ್ಟರಿಗೆ ಗೊತ್ತಿಲ್ಲ. ಪೆಟ್ರೋಲಿನಲ್ಲಿ ಹೊರಟು, ಇಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿಕೊಳ್ಳುವ ಜಾತಿ. ಸ್ಟಾರ್ಟರ್ ಮೋಟರ್ ಕೆಟ್ಟು ಎಷ್ಟೋ ಕಾಲವಾಗಿದೆ. ಕಿಡಿಗೆ ಮಾತ್ರ ಬ್ಯಾಟರಿ, ಉಳಿದದ್ದಕ್ಕೆ ರಟ್ಟೆ.

ನನ್ನ ತಮ್ಮ ಮೊಬೈಲಿನಿಂದ ತಲೆ ಎತ್ತಿ, "ಹೊಸ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಗೇರಿನಲ್ಲಿ ಎಳೆದರೆ ತಾನಾಗಿಯೇ ಬಿಡುತ್ತದೆ" ಎಂದ. ಅಪ್ಪ ಮಂಚದಿಂದ ಎದ್ದೇಬಿಟ್ಟರು. ಹೆಡ್ ಗ್ಯಾಸ್ಕೆಟ್ ಸೋರಿ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ನೀರು ಇಳಿದಿದ್ದರೆ? ಗಾಳಿಯನ್ನು ಪಿಸ್ಟನ್ ಅದುಮಬಹುದು, ನೀರನ್ನು ಅದುಮಲಾಗದು. ಎಳೆದ ರಭಸಕ್ಕೆ ಕನೆಕ್ಟಿಂಗ್ ರಾಡ್ ಬಾಗಿ ಕೂತರೆ ಆಮೇಲೆ ನಿಜವಾಗಿಯೂ ಗುಜರಿಯೇ ಗತಿ. "ಮೊದಲು ಪ್ಲಗ್ ಬಿಚ್ಚು" ಎಂದರು.

ನಾಲ್ಕೂ ಪ್ಲಗ್‌ಗಳು ಡೀಸೆಲ್ ಕುಡಿದು ಅರ್ಧ ಗಂಟೆ ನೆನೆದ ಮೇಲೆ ಬಂದವು. ನೀರಿರಲಿಲ್ಲ. ಬೋರುಗಳು ಒಣಗಿದ್ದವು. ಪ್ರತಿಯೊಂದಕ್ಕೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಇಳಿಯಲೆಂದು ಊಟದವರೆಗೆ ಬಿಟ್ಟೆವು.

ಕಾಯುವ ಹೊತ್ತಿನಲ್ಲಿ ಅಮ್ಮ ನೆನೆಸಿದ ಅವರೆಕಾಳಿನ ಬೇಸಿನ್ ತಂದು ನಡುವೆ ಇಟ್ಟರು. ಹಿತಕಿದ ಬೇಳೆ ಸಾರು ಬೇಕಾದವರು ಹಿತುಕಲೇಬೇಕು, ನಮ್ಮ ಮನೆಯಲ್ಲಿ ಅದಕ್ಕೆ ಗಂಡಸರೆಂಬ ರಿಯಾಯಿತಿ ಇಲ್ಲ. ಚಳಿಗೆ ಆಯಿಲ್ ಹೆಪ್ಪುಗಟ್ಟಿರಬೇಕು ಎಂದು ಚಿಕ್ಕಪ್ಪ ಹೊಸ ವಾದ ಹೂಡಿದರು. ನನಗೆ ಮೇಷ್ಟರ ಚಟ, ಸುಮ್ಮನಿರಲಾಗಲಿಲ್ಲ. ಇದೇ ಫರ್ಗ್ಯುಸನ್ ಟ್ರ್ಯಾಕ್ಟರುಗಳಿಗೆ ಪಟ್ಟಿಚಕ್ರ ಹಾಕಿಕೊಂಡು ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ ಕಥೆ ಹೇಳಿದೆ. "ಅಲ್ಲಿ ಹ್ಯಾಂಡಲ್ ಹೊಡೆದವರು ಯಾರಂತೆ?" ಎಂದರು ಚಿಕ್ಕಪ್ಪ. ಎದ್ದು ಹೋಗಿ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಗಟ್ಟಿಯಾಗುವುದಿರಲಿ, ನೀರಿನಂತೆ ಇಳಿಯುತ್ತಿತ್ತು. ಮೂಗಿಗೆ ಹಿಡಿದರೆ ಸೀಮೆಎಣ್ಣೆ ವಾಸನೆ. ಉರಿಯದೆ ಉಳಿದ ಸೀಮೆಎಣ್ಣೆ ಬೋರಿನ ಗೋಡೆಯಿಂದ ಕೆಳಗಿಳಿದು ಆಯಿಲಿಗೆ ಸೇರುವುದು ಈ ಗಾಡಿಗಳ ಹಳೆಯ ರೋಗ. ಅದನ್ನು ಬಸಿದು ಮೂವತ್ತು ನಂಬರಿನ ಹೊಸ ಆಯಿಲ್ ಹಾಕಿದೆವು. ಚಿಕ್ಕಪ್ಪನ ವಾದ ಅಲ್ಲಿಗೆ ಬಿತ್ತು ಎಂದುಕೊಂಡೆ.

ಊಟವಾದ ಮೇಲೆ ಹ್ಯಾಂಡಲ್ ನನ್ನ ಕೈಗೆ ಬಂತು. ಅಪ್ಪ ನನ್ನ ಹೆಬ್ಬೆರಳನ್ನು ಬಿಡಿಸಿ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟರು. "ಕೆಳಗಿನಿಂದ ಮೇಲಕ್ಕೆ ಎಳೆ, ಮೇಲಿನಿಂದ ಕೆಳಕ್ಕೆ ಅದುಮಬೇಡ. ಒದ್ದರೆ ಹೆಬ್ಬೆರಳು ಹೋಗುತ್ತದೆ. ಆಮೇಲೆ ಅವರೆ ಹಿತುಕುವವರು ಯಾರು?" ಪ್ಲಗ್ಗೇ ಇಲ್ಲದ ಇಂಜಿನ್ ಒದೆಯುವುದಿಲ್ಲ ಎಂದು ಅವರಿಗೂ ಗೊತ್ತು. ಅಭ್ಯಾಸ ಮೊದಲಿನಿಂದಲೇ ಸರಿಯಿರಲಿ ಎಂಬುದು ಅವರ ಲೆಕ್ಕ.

ಈಗ ತಿರುಗಿತು, ಆದರೆ ಒದ್ದೆ ಜೇಡಿಮಣ್ಣಿನಲ್ಲಿ ಕಾಲು ಕೀಳುವ ಹಾಗೆ. ಅದರ ನಡುವೆ ಒಂದೊಂದು ಕಡೆ ಇನ್ನೂ ಬಿಗಿ. ಪ್ಲಗ್ ಇದ್ದಾಗ ಅರ್ಧ ಸುತ್ತಿಗೊಮ್ಮೆ ಕಂಪ್ರೆಷನ್ ಎದುರಾಗಿ ಆಮೇಲೆ ಸಡಿಲುವುದು ಸಹಜ. ಪ್ಲಗ್ ತೆಗೆದ ಮೇಲೂ ಬಿಗಿ ಇದೆಯೆಂದರೆ ಏನೋ ಉಜ್ಜುತ್ತಿದೆ ಎಂದೇ ಅರ್ಥ.

"ನಿನ್ನ ಬ್ಯಾಗಿನಲ್ಲಿ ಸೀಮೆಸುಣ್ಣ ಇದೆಯೇನಮ್ಮ?" ಎಂದರು ಅಪ್ಪ.

ಬಿಗಿ ಬಂದಾಗಲೆಲ್ಲ ಮುಂದಿನ ಪುಲ್ಲಿಯ ಮೇಲೆ ಒಂದು ಗೆರೆ ಎಳೆಯಬೇಕು. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಬಂದರೆ ದೋಷ ಕ್ರ್ಯಾಂಕ್ ಅಥವಾ ಪಿಸ್ಟನ್ನಿನದು. ಎರಡು ಸುತ್ತಿಗೊಮ್ಮೆ ಬಂದರೆ ವಾಲ್ವ್ ಕಡೆಯದು, ವಾಲ್ವ್ ತೆರೆಯುವ ಕ್ಯಾಮ್ ಅರ್ಧ ವೇಗದಲ್ಲಿ ತಿರುಗುತ್ತದಲ್ಲ. ಗೆರೆ ಜಾಗ ಬದಲಾಯಿಸುತ್ತಾ ಹೋದರೆ? ಇಂಜಿನ್ನಿನ ಲೆಕ್ಕಕ್ಕೆ ಸಿಗದ ವೇಗದಲ್ಲಿ ತಿರುಗುವ ಇನ್ನೇನೋ ಇದೆ. ಏಳನೆಯ ತರಗತಿಗೆ ಅನುಪಾತ ಕಲಿಸಲು ನಾನು ಹದಿನೆಂಟು ವರ್ಷದಿಂದ ಮಾವಿನಹಣ್ಣು ಹಂಚುತ್ತಿದ್ದೇನೆ. ಹತ್ತನೆಯ ತರಗತಿ ಮುಟ್ಟದ ಅಪ್ಪ ಪುಲ್ಲಿಯ ಮೇಲೆ ಐದು ನಿಮಿಷದಲ್ಲಿ ಮುಗಿಸಿದರು.

ಐದು ಗೆರೆ ಎಳೆದೆ. ಐದೂ ಬೇರೆ ಬೇರೆ ಕಡೆ.

ಫ್ಯಾನ್ ಬೆಲ್ಟ್ ಕಳಚಿದೆವು. ನೀರಿನ ಪಂಪಿನ ಪುಲ್ಲಿ ಬೆರಳಿಗೇ ತಿರುಗಿತು. ಡೈನಮೋ ಪುಲ್ಲಿ ಮಾತ್ರ ಕರಕರ ಎಂದು ನಡುನಡುವೆ ಹಿಡಿಯಿತು, ಬೇರಿಂಗ್ ತುಕ್ಕು ತಿಂದಿತ್ತು. ಮತ್ತೆ ಹ್ಯಾಂಡಲ್ ಹಾಕಿದರೆ ಬಿಗಿಯ ಜಾಗಗಳೆಲ್ಲ ಮಾಯ. ನಾನು ಗೆದ್ದವಳಂತೆ ಕೈ ಒರೆಸಿಕೊಂಡೆ. ಆದರೆ ಆ ಜೇಡಿಮಣ್ಣಿನ ಭಾರ ಹಾಗೆಯೇ ಇತ್ತು, ಒಂದೇ ಸಮನೆ.

ಗೇರ್‌ಬಾಕ್ಸ್ ಎಳೆಯುತ್ತಿರಬಹುದೆಂದು ತಮ್ಮನನ್ನು ಮೇಲೆ ಕೂರಿಸಿ ಕ್ಲಚ್ ಒತ್ತಿಸಿದೆವು. ವ್ಯತ್ಯಾಸವಿಲ್ಲ. ಚಿಕ್ಕಪ್ಪ "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಎಂದು ಖರ್ಚು ಎಣಿಸತೊಡಗಿದರು. ಅಪ್ಪನೂ ಸುಮ್ಮನಾದರು. ಆ ಮೌನ ನನಗೆ ಹಿಡಿಸಲಿಲ್ಲ.

ಟ್ರ್ಯಾಕ್ಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕೋಳಿಮರಿ ಹಿಡಿಯುತ್ತಿದ್ದ ತಮ್ಮನ ಮಗಳು, ಆರು ವರ್ಷದವಳು, ಕೂಗಿದಳು: "ಅತ್ತೆ, ನೀವು ತಿರುಗಿಸಿದಾಗ ಇಲ್ಲಿ ಇದೂ ತಿರುಗುತ್ತದೆ!"

ಎಲ್ಲರೂ ಹಿಂದಕ್ಕೆ ಓಡಿದೆವು. ಅವಳು ತೋರಿಸಿದ್ದು ಪಿಟಿಓ ಶಾಫ್ಟ್, ಹಿಂದೆ ಜೋಡಿಸುವ ಯಂತ್ರಗಳಿಗೆ ಇಂಜಿನ್ನಿನ ಶಕ್ತಿ ಕೊಡುವ ದಂಡ. ಮುಂದೆ ನಾನು ಎಳೆದಾಗಲೆಲ್ಲ ಅದು ಹಿಂದೆ ಮೆಲ್ಲಗೆ ಸುತ್ತುತ್ತಿತ್ತು, ಅದೂ ಕ್ಲಚ್ ಪೆಡಲ್ ನೆಲಕ್ಕೆ ಒತ್ತಿದ್ದಾಗ. ಅಪ್ಪ ಹಣೆ ಚಚ್ಚಿಕೊಂಡು ನಕ್ಕರು. ವರ್ಷಗಟ್ಟಲೆ ನಿಂತು ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿದೆ. ಪೆಡಲ್ ಒತ್ತಿದರೂ ಬಿಡುತ್ತಿಲ್ಲ. ಅದರ ಮೇಲೆ ಪಿಟಿಓ ಲಿವರ್ ಬೇರೆ ಹಾಕಿದ ಸ್ಥಿತಿಯಲ್ಲೇ ಇದೆ. ಈ ಗಾಡಿಯಲ್ಲಿ ಹೈಡ್ರಾಲಿಕ್ ಪಂಪು ತಿರುಗುವುದು ಪಿಟಿಓ ಶಾಫ್ಟಿನಿಂದಲೇ. ಅಂದರೆ ನಾನು ಇಷ್ಟು ಹೊತ್ತು ಇಂಜಿನ್ ಜೊತೆಗೆ ಗೇರುಗಳನ್ನೂ ಪಂಪನ್ನೂ ತಿರುಗಿಸುತ್ತಿದ್ದೆ. ಎರಡಕ್ಕೂ ಒಂದೇ ಆಯಿಲ್. ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರೆ ನೀರು ಬೆರೆತು ರಾಗಿ ಅಂಬಲಿಯಂತಾಗಿತ್ತು.

"ನಾನು ಹೇಳಲಿಲ್ಲವೇ, ಆಯಿಲ್ ಗಟ್ಟಿ ಅಂತ?" ಎಂದರು ಚಿಕ್ಕಪ್ಪ. ಯಾವ ಆಯಿಲ್ ಎಂದು ಅವರು ಹೇಳಿರಲಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ.

ಲಿವರ್ ಬಿಡಿಸಿದೆ. ಹ್ಯಾಂಡಲ್ ಹಗುರವಾಗಿ ಬಂತು, ಈ ಬಾರಿ ಒಂದೇ ಕೈಗೆ. ಪ್ಲಗ್ ಉಜ್ಜಿ ಹಾಕಿ, ಬ್ಯಾಟರಿ ಜೋಡಿಸಿ, ಕಾರ್ಬ್ಯುರೇಟರಿಗೆ ಹೊಸ ಪೆಟ್ರೋಲ್ ಬಿಟ್ಟೆವು. ಕೊನೆಯ ಎಳೆತಗಳನ್ನು ತಮ್ಮ ಎಳೆದ. ಆರನೆಯದಕ್ಕೆ ಒಂದು ಸೀನು, ಎಂಟನೆಯದಕ್ಕೆ ಇಂಜಿನ್ ಹಿಡಿಯಿತು. ಕೊಟ್ಟಿಗೆ ತುಂಬ ಹೊಗೆ. ಸೀಮೆಹಸುಗಳು ಕಣ್ಣಿ ಹರಿಯುವಷ್ಟು ಬೆದರಿದವು. ಬೆಲ್ಟ್ ಇಲ್ಲದ್ದರಿಂದ ಎರಡು ನಿಮಿಷಕ್ಕೇ ಆರಿಸಿದೆವು. ಅಂಟಿದ ಕ್ಲಚ್ ಬಿಡಿಸುವುದು, ಅಂಬಲಿ ಬಸಿಯುವುದು, ಡೈನಮೋ ಬೇರಿಂಗ್ ತರುವುದು ಎಲ್ಲವೂ ಮರುದಿನಕ್ಕೆ.

ಸಂಜೆ ಕೈ ತೊಳೆಯುವಾಗ ಅಪ್ಪ ಕೇಳಿದರು: "ಆ ಲಿವರ್ ಹಾಕಿದವರು ಯಾರು? ನಿಲ್ಲಿಸುವಾಗ ನಾನು ಬಿಡಿಸಿಯೇ ಇಟ್ಟಿದ್ದೆ."

ಕಳೆದ ಆಯುಧಪೂಜೆಯಲ್ಲಿ ಕುಂಕುಮ ಇಡುವ ಮೊದಲು ಧೂಳು ಒರೆಸಿದವಳು ನಾನು. ಹಿಡಿದು ಅಲ್ಲಾಡಿಸಿದ ಲಿವರುಗಳಲ್ಲಿ ಅದೂ ಒಂದಿತ್ತು. ಕೋಳಿ ಕೂತಿರಬೇಕು ಎಂದೆ.

ಅಪ್ಪ ನನ್ನ ಕೈಗೆ ಸೋಪು ಕೊಟ್ಟರು. "ದೊಡ್ಡ ಕೋಳಿಯೇ ಇರಬೇಕು" ಎಂದರು.