ಭತ್ತದ ಸೀಮೆಯಿಂದ ಉಪ್ಪಿನ ಆಗರಕ್ಕೆ

ಕೊಪ್ಪಳ ಜಿಲ್ಲೆಯವರಿಗೆ ಕಡಲು ದೂರವಾದರೂ ಅಲ್ಲಿಗೆ ಹೋಗುವ ದಾರಿ ಮನೆಯ ಮುಂದೆಯೇ ಇದೆ. ಗಂಗಾವತಿಯಿಂದ ಹೊರಟು ಗಿಣಿಗೇರಿಯ ಬಳಿ ನಾವು ಸೇರಿಕೊಂಡ ರಸ್ತೆ, ಹಿಂದೆ 63 ಎಂಬ ಸಂಖ್ಯೆಯಿದ್ದ ಅಂಕೋಲಾ–ಗುತ್ತಿ ಹೆದ್ದಾರಿ; ಬಳ್ಳಾರಿ, ಸಂಡೂರುಗಳ ಅದಿರು ತುಂಬಿದ ಲಾರಿಗಳು ಒಂದು ಕಾಲಕ್ಕೆ ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದುದೂ ಈ ಮಾರ್ಗದಲ್ಲಿಯೇ. ಗದಗ, ಹುಬ್ಬಳ್ಳಿಗಳವರೆಗೆ ಎರೆಹೊಲಗಳು, ಯಲ್ಲಾಪುರದ ಆಚೆ ಅರಬೈಲು ಘಟ್ಟದ ತಿರುವುಗಳು. ಬುತ್ತಿಯಲ್ಲಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಘಟ್ಟ ಇಳಿಯುವ ಮೊದಲೇ ಮುಗಿದಿದ್ದವು.

ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿದ್ದುದರಿಂದ ಗೋಕರ್ಣದ ರಥಬೀದಿಯಲ್ಲಿ ನೂಕುನುಗ್ಗಲು ಇರಲಿಲ್ಲ. ಸಮುದ್ರಸ್ನಾನ ಮಾಡಿ, ಮೊದಲು ಮಹಾಗಣಪತಿಗೆ ಕೈಮುಗಿದು, ಅನಂತರ ಮಹಾಬಲೇಶ್ವರನ ಸನ್ನಿಧಿಗೆ ಹೋಗುವುದು ಇಲ್ಲಿಯ ಪದ್ಧತಿ. ಎರಡೇ ಕೈಗಳಿರುವ, ನಿಂತ ಭಂಗಿಯ ಈ ಗಣಪತಿಯ ನೆತ್ತಿಯಲ್ಲಿ ಒಂದು ತಗ್ಗು ಇದೆ. ಸಂಧ್ಯಾವಂದನೆಗೆ ಹೋಗಿ ಬರುವಷ್ಟರಲ್ಲಿ ಆತ್ಮಲಿಂಗವನ್ನು ನೆಲಕ್ಕಿಟ್ಟುಬಿಟ್ಟ ಬಾಲಕನ ತಲೆಯ ಮೇಲೆ ರಾವಣ ಗುದ್ದಿದ ಗುರುತು ಅದು ಎನ್ನುತ್ತಾರೆ.

ಕೊಪ್ಪಳದ ಕಡೆಯವರಿಗೆ ಹಳೆಯ ದೇವಾಲಯವೆಂದರೆ ಕಣ್ಣಿಗೆ ಬರುವುದು ಇಟಗಿ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಆ ಗುಡಿಯಲ್ಲಿ ಕಂಬದಿಂದ ಕಂಬಕ್ಕೆ ಸರಿಯುತ್ತ, ಕೆತ್ತನೆ ನೋಡುತ್ತ ಇಡೀ ದಿನ ಕಳೆಯಬಹುದು. ಆ ಕಣ್ಣಿನಿಂದ ನೋಡಿದರೆ ಪಶ್ಚಿಮಕ್ಕೆ, ಎಂದರೆ ಕಡಲಿಗೆ, ಮುಖ ಮಾಡಿರುವ ಗೋಕರ್ಣದ ದೇವಾಲಯ ಬಹಳ ಸರಳ. ಆದರೆ ಇಲ್ಲಿಗೆ ಜನ ಬರುವುದು ನೋಡುವುದಕ್ಕಲ್ಲ, ಮುಟ್ಟುವುದಕ್ಕೆ. ಅಂಗಿ ಕಳಚಿ, ಪಂಚೆಯುಟ್ಟು, ಇಕ್ಕಟ್ಟಾದ ಗರ್ಭಗುಡಿಯಲ್ಲಿ ಬಾಗಿ ಕುಳಿತರೆ, ಸಾಲಿಗ್ರಾಮ ಪೀಠದ ನಡುವಿನ ಸಣ್ಣ ರಂಧ್ರದೊಳಗೆ ಬೆರಳಿಳಿಸಿದಾಗ ತಣ್ಣಗಿನ ನೀರಿನಡಿ ಲಿಂಗದ ತುದಿ ಸಿಗುತ್ತದೆ; ಕಣ್ಣಿಗೆ ಅದು ಕಾಣುವುದೇ ಇಲ್ಲ. ನಾಲ್ಕು ದಶಕಗಳಿಗೊಮ್ಮೆ ನಡೆಯುವ ಅಷ್ಟಬಂಧದ, ಎಂದರೆ ಲಿಂಗವನ್ನು ಪೀಠದಲ್ಲಿ ಮತ್ತೆ ಭದ್ರಪಡಿಸುವ ವಿಧಿಯ, ಸಮಯದಲ್ಲಿ ಮಾತ್ರ ಲಿಂಗವನ್ನು ಪೂರ್ತಿಯಾಗಿ ನೋಡಲು ಸಾಧ್ಯ. ಶಿಲ್ಪದ ಮಟ್ಟಿಗೆ ನನ್ನ ಮತ ಇಂದಿಗೂ ಇಟಗಿಗೇ. ಆದರೆ ಇಲ್ಲಿ ಎಡೆಬಿಡದೆ ನಡೆದಿರುವ ಪೂಜೆಯ ಬಿಸಿ ಅಲ್ಲಿಲ್ಲ ಎಂಬುದನ್ನೂ ಒಪ್ಪಬೇಕು.

ಗಂಗಾವತಿಯವರು ಗೋಕರ್ಣಕ್ಕೆ ಬಂದ ಮೇಲೆ ಹನುಮಂತನ ಮಾತು ಬಾರದೆ ಇರದು. ಅವನು ಹುಟ್ಟಿದ್ದು ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಮಾತು. 2021ರಲ್ಲಿ ತಿರುಮಲದವರು ಜನ್ಮಸ್ಥಳ ತಮ್ಮದೆಂದರು. ಗೋಕರ್ಣದ ಪರವಾಗಿಯೂ ವಾದ ಎದ್ದಿತು. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತನೇ ಸೀತೆಗೆ ತನ್ನ ತಂದೆ ಕೇಸರಿ ಗೋಕರ್ಣ ಪರ್ವತಕ್ಕೆ ಹೋದ ಸಂಗತಿ ಹೇಳುತ್ತಾನೆಂಬುದು ನಿಜ. ಆದರೂ ನಮ್ಮ ಜೊತೆಗಿದ್ದ ಹಿರಿಯರೊಬ್ಬರು, “ತಂದಿ ಯಾತ್ರೆಗೆ ಬಂದಿದ್ದ, ಮಗ ನಮ್ಮೂರಾಗ ಹುಟ್ಟಿದ” ಎಂದು ರಥಬೀದಿಯಲ್ಲೇ ತೀರ್ಪು ಕೊಟ್ಟರು.

ಕುಡ್ಲೆ ಕಡಲತೀರದಿಂದ ಜಂಬಿಟ್ಟಿಗೆ ಕಲ್ಲಿನ ಗುಡ್ಡ ಹತ್ತಿ ಓಂ ಕಡಲತೀರಕ್ಕೆ ಇಳಿಯುವ ಕಾಲುದಾರಿ ಬೆಳಗಿನ ಹೊತ್ತಿನಲ್ಲಿ ಚೆನ್ನ. ಬಿಸಿಲೇರಿದರೆ ಕಲ್ಲು ಕಾಯುತ್ತದೆ. ಕಾಳುಮೆಣಸಿನ ರಾಣಿ ಎನಿಸಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದಿರುವ ಮಿರ್ಜಾನ್ ಕೋಟೆಯನ್ನು ಮಧ್ಯಾಹ್ನ ಅವಸರದಲ್ಲಿ ಸುತ್ತಿದೆವು.

ನಮ್ಮ ತಂಡದ ರೈತರು ನಿಜವಾಗಿ ಕಾಲೂರಿ ನಿಂತದ್ದು ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಭರತದಲ್ಲಿ, ಎಂದರೆ ಉಬ್ಬರದ ಹೊತ್ತಿನಲ್ಲಿ, ನುಗ್ಗುವ ಉಪ್ಪುನೀರನ್ನು ಕಾಲುವೆಗಳಲ್ಲಿ ಹರಿಸಿ, ಮಣ್ಣಿನ ಪಾತಿಗಳಲ್ಲಿ ತೆಳುವಾಗಿ ನಿಲ್ಲಿಸಿ, ಬಿಸಿಲಿಗೆ ಬಿಡುತ್ತಾರೆ. ಹರಳುಗಟ್ಟಿದ ಮೇಲೆ ಉದ್ದ ಹಿಡಿಯ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಮಾಡುತ್ತಾರೆ. ಭತ್ತದ ಮಡಿಗಳಂತೆಯೇ ಕಾಣುವ ಈ ಪಾತಿಗಳನ್ನು ನೋಡಿ ನಮ್ಮವರು ಸುಮ್ಮನಾದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ವರ್ಷಗಟ್ಟಲೆ ನೀರು ನಿಲ್ಲಿಸಿ ಭತ್ತ ಬೆಳೆದ ಹೊಲಗಳಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಮೇಲೇಳುವ ಸವಳನ್ನು ಬಲ್ಲವರಿಗೆ, ಉಪ್ಪನ್ನೇ ಬೆಳೆಯಾಗಿ ತೆಗೆಯುವ ನೆಲ ಹೊಸದು.

ಅದಕ್ಕಿಂತಲೂ ಅವರನ್ನು ಹಿಡಿದು ನಿಲ್ಲಿಸಿದ್ದು ಕಗ್ಗ ಭತ್ತದ ವಿಷಯ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಬೆಳೆಯುವ, ಆಳೆತ್ತರಕ್ಕೆ ಏರಿ ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ದೇಸಿ ತಳಿ ಇದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಸೋನಾ ಮಸೂರಿ ಬೆಳೆಯುವ ನಮ್ಮವರೊಬ್ಬರು, ಒಂದು ಚೀಲ ಬೀಜ ಒಯ್ದು ಕಾರಟಗಿಯ ಸವಳು ಹೊಲಕ್ಕೆ ಹಾಕಿದರೆ ಹೇಗೆ ಎಂದು ಕೇಳಿದರು. ಬದುವಿನ ಮೇಲೆ ನಿಂತಿದ್ದ ಅಲ್ಲಿಯ ರೈತ, ಇಲ್ಲಿ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಬಿತ್ತುವುದು, ನಿಮ್ಮಲ್ಲಿ ಮಳೆ ಎಷ್ಟು ಎಂದು ತಿರುಗಿ ಕೇಳಿದ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಆ ಕರಾವಳಿಯಲ್ಲಿ ನಿಂತು, 600 ಮುಟ್ಟುವುದೂ ಕಷ್ಟ ಎಂದು ನಮ್ಮವರು ಹೇಳಿದರು. ಹಾಗಾದರೆ ಬೀಜ ಬೇಡ, ಮೊದಲು ಬಸಿಗಾಲುವೆ ತೋಡಿಸಿ ಎಂದ ಆತ.